ಸಿಟ್ಟಿನ ಗುಳಿಗೆ

ಬೇಡಕಿಹಾಳದ ಕಾಡಸಿದ್ದನಿಗೆ ಬಿ.ಪಿ. ಇಲ್ಲ ಎಂದು ಮಷೀನು ಹೇಳಿದ ದಿನ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಂಗನವಾಡಿಯ ಕಟ್ಟೆಯ ಮೇಲೆ ಆಶಾ ಕಾರ್ಯಕರ್ತೆ ಅನುಸೂಯಾ ಅವನ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. "ನೂರಾ ಇಪ್ಪತ್ತೆಂಟು, ಎಂಬತ್ತೆರಡು. ಚಲೋ ಐತ್ರಿ ಕಾಕಾ," ಎಂದಳು. ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಆ ಓಣಿಯಲ್ಲಿ ಬಿ.ಪಿ. ಎಂದರೆ ಸಿಟ್ಟು, ಸಿಟ್ಟು ಎಂದರೆ ಕಾಡಸಿದ್ದ. ಅವನು ಎಮ್ಮೆಗೆ ಬೈದರೆ ಮೂರು ಮನೆಯಾಚೆ ಮಲಗಿದ ಕೂಸು ಎದ್ದು ಅಳುತ್ತಿತ್ತು.

"ಏ ತಂಗಿ, ಆ ಡಬ್ಬಿ ಕೆಟ್ಟೈತಿ. ಇನ್ನೊಮ್ಮೆ ಹಿಡಿ."

ಇನ್ನೊಮ್ಮೆ ಹಿಡಿದರೂ ಅಷ್ಟೇ ಬಂತು. ಕೈಗೆ ಬಂದ ಬಹುಮಾನವನ್ನು ಯಾರೋ ಕಿತ್ತುಕೊಂಡ ಹಾಗೆ ಅವನು ಎದ್ದು ಪಕ್ಕಕ್ಕೆ ನಿಂತ. ಅವನ ಹಿಂದೆ ಇದ್ದವಳು ಹೆಂಡತಿ ಸಕ್ಕುಬಾಯಿ. ಮದುವೆಯಾಗಿ ನಲವತ್ತೆರಡು ವರ್ಷ. ಅವಳ ಧ್ವನಿ ಅಂಗಳ ದಾಟಿದ್ದನ್ನು ಕೇಳಿದವರಿಲ್ಲ. ಪಟ್ಟಿ ಬಿಗಿದಾಗಲೂ ಸೊಸೆ ಭಾಗ್ಯಾಳ ಕಡೆ ನೋಡಿ ಸಣ್ಣಗೆ ನಕ್ಕಳು. ಮಷೀನು ಕೂಗಿತು. ಅನುಸೂಯಾಳ ಮುಖ ಬದಲಾಯಿತು. ಐದು ನಿಮಿಷ ಕೂಡಿಸಿ, ನೀರು ಕುಡಿಸಿ, ಮತ್ತೆ ಹಿಡಿದಳು.

"ನೂರಾ ಎಂಬತ್ತು, ನೂರಾ ಹತ್ತು. ಕಾಕೂ, ಇದು ಭಾಳ ಆತ್ರಿ. ತಲಿ ನೋಯ್ತೈತೇನು?"

"ಯಾರಿಗಿ ನೋಯೂದಿಲ್ಲ ಬೇ, ಹೆಣ್ಣ ಹುಟ್ಟಿದ ಮ್ಯಾಲ?"

ಮುಂದಿನ ವಾರ ವೈದ್ಯರು ನೋಡಿ, ಒಂದು ಹಳದಿ ಕಾರ್ಡಿನಲ್ಲಿ ಸಕ್ಕುಬಾಯಿ ಕಾಡಸಿದ್ದ ಎಂದು ಬರೆದು, ತಿಂಗಳ ಗುಳಿಗೆ ಕೊಟ್ಟರು. ಉಪ್ಪು ಕಡಿಮೆ ಮಾಡಬೇಕು, ಹಲ್ಲಿಗೆ ತಿಕ್ಕುವ ಮಿಶ್ರಿ ಬಿಡಬೇಕು, ಗುಳಿಗೆ ಒಂದು ದಿನವೂ ತಪ್ಪಿಸಬಾರದು ಎಂದು ಅನುಸೂಯಾ ದಾರಿಯುದ್ದಕ್ಕೂ ಹೇಳಿದಳು. ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕು. ನಿಪ್ಪಾಣಿಯ ಸುತ್ತಿನ ಹೆಂಗಸರಿಗೆ ಅದಿಲ್ಲದೆ ಸೂರ್ಯ ಹುಟ್ಟುವುದಿಲ್ಲ.

ಮನೆಗೆ ಬಂದು ಗುಳಿಗೆಯ ಪಟ್ಟಿ ಚಾಪೆಯ ಮೇಲಿಟ್ಟಾಗ ಕಾಡಸಿದ್ದ ಘನ ತೀರ್ಮಾನ ಕೊಟ್ಟ.

"ಕಾರ್ಡು ಅದಲಬದಲ ಆಗ್ಯಾವ. ನಂದು ಇಕಿಗಿ ಬರದಾರ, ಇಕಿದು ನನಗ."

"ಹೌದ ಮತ್ತ," ಎಂದು ಮಗ ಬಾಳೇಶ ನಕ್ಕ. "ಅವ್ವಗ ಬಿ.ಪಿ. ಅಂದ್ರ ಊರ ನಗ್ತೈತಿ. ಅಕಿ ಭೂಮಿತಾಯಿ ಇದ್ದಂಗ."

ಭಾಗ್ಯಾಳೂ ನಕ್ಕಳು. ಆ ನಗು ಆಮೇಲೆ ಅವಳ ಗಂಟಲಲ್ಲಿ ಮುಳ್ಳಾಗಿ ಉಳಿಯಿತು, ಆದರೆ ಆ ದಿನ ನಕ್ಕದ್ದು ನಿಜ. "ತಗೋ ಭಾಗ್ಯಾ," ಎಂದು ಸಕ್ಕುಬಾಯಿ ಪಟ್ಟಿಯನ್ನು ಸೊಸೆಯ ಕೈಗೆ ಕೊಟ್ಟಳು. "ದಿನಾ ಮುಂಜಾನೆ ಚಾ ಆದ ಮ್ಯಾಲ ಮಾವಾರಿಗೆ ಒಂದು ಕೊಡು. ನನಗೇನ ಆಗೇತಿ? ಅವರ ಸಿಟ್ಟ ಇಳದ್ರ ನನಗೂ ಇಳದಂಗ."

ಗಂಡನ ಸಿಟ್ಟಿನ ಬಗ್ಗೆ ಅವಳ ಭಯಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಕಾಡಸಿದ್ದನ ಅಣ್ಣ ದಾದಾಸಾಹೇಬ ಹೊಲದ ಬದುವಿನ ಮೇಲೆ ನಿಂತು ಪಕ್ಕದವನೊಡನೆ ಜಗಳ ತೆಗೆದಿದ್ದ. ಬೈಗುಳ ಅರ್ಧ ಬಾಯಲ್ಲೇ ಇತ್ತು, ಆಸಾಮಿ ಉರುಳಿ ಬಿದ್ದ. ಲಕ್ವಾ. ಮೂರನೇ ದಿನಕ್ಕೆ ಹೋದ. ಅಂದಿನಿಂದ ಆ ಮನೆಯಲ್ಲಿ ಸಿಟ್ಟು ನೆತ್ತಿಗೇರಿದವರಿಗೇ ಲಕ್ವಾ ಹೊಡೆಯುತ್ತದೆ ಎಂಬುದು ವೇದವಾಕ್ಯ. ಡೇರಿಯಲ್ಲಿ ಹಾಲಿನ ಫ್ಯಾಟು ಕಡಿಮೆ ಬಂದರೆ ಕಾಡಸಿದ್ದನಿಗೆ ಹೇಳುತ್ತಿರಲಿಲ್ಲ. ಮೋಟರು ಸುಟ್ಟರೆ ಕರೆಂಟು ಇಲ್ಲ ಎನ್ನುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಸಕ್ಕುಬಾಯಿ ಅದನ್ನು ತನ್ನ ಕಡೆ ಎಳೆದುಕೊಂಡು, ಗಂಡನಿಗೆ ಮೊಸರು ಬಡಿಸುತ್ತಿದ್ದಳು. ಹೀಗೆ ಮನೆಯ ಉಪ್ಪೆಲ್ಲ, ಮಾತೆಲ್ಲ, ಕೊನೆಗೆ ಉಳಿದ ತಂಗಳು ಜೋಳದ ಭಕ್ಕರಿ ಮತ್ತು ಉಪ್ಪು ತುಂಬಿದ ಕೆಂಪು ಮೆಣಸಿನಕಾಯಿ ರಂಜಕವೆಲ್ಲ ಅವಳೊಬ್ಬಳ ಹೊಟ್ಟೆಗೆ ಸೇರುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಓಣಿಯವರು ಅವಳನ್ನು ಹೊಗಳುತ್ತಿದ್ದರು. ಕೊಡ ಸೀಳುತ್ತಿದೆಯೇ ಎಂದು ತಿರುಗಿಸಿ ನೋಡಿದವರಿಲ್ಲ.

ಎರಡು ವಾರದಲ್ಲಿ ಕಾಡಸಿದ್ದ ಮೆತ್ತಗಾದ. ಬೈಯಲು ಬಾಯಿ ತೆರೆಯುವನು, ಅರ್ಧಕ್ಕೇ ಕಂಬ ಹಿಡಿದು ಕೂಡುವನು. ಹಾಲು ಹಿಂಡಿ ಏಳುವಾಗ ಕಣ್ಣಿಗೆ ಕತ್ತಲೆ ಬರುತ್ತದೆ ಎನ್ನುವನು.

"ನೋಡಿದೇನು? ಗುಳಿಗಿ ಹತ್ತಾಕತ್ತೈತಿ," ಎಂದು ಸಕ್ಕುಬಾಯಿ ಪಿಸುಗುಟ್ಟಿದಳು. ಅವಳ ತಲೆಗೆ ಬಿಗಿದು ಕಟ್ಟಿದ ಹಳೆಯ ಸೀರೆಯ ತುಂಡಿತ್ತು. ನಾಲ್ಕು ದಿನದಿಂದ ಅದನ್ನು ಬಿಚ್ಚಿರಲಿಲ್ಲ.

"ಅತ್ತಿ, ನಿಮ್ಮ ತಲಿನೋವು?"

"ಬಿಸಲಿಂದು."

"ಹೊಸ್ತಿಲ ಹುಣ್ವಿ ಹತ್ತರ ಬಂತು. ಈ ಥಂಡ್ಯಾಗ ಎಲ್ಲಿ ಬಿಸಲ್ರಿ?"

ಅವಳು ಎದ್ದು ಸಗಣಿ ಬಾಚಲು ಹೋದಳು. ಹೋಗುವಾಗ ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುತ್ತಿದ್ದಳು.

ತಿಂಗಳ ಕೊನೆಗೆ ಅನುಸೂಯಾ ಹೊಸ ಗುಳಿಗೆ ತಂದಳು, ಮಷೀನನ್ನೂ ತಂದಿದ್ದಳು. ನೂರಾ ಎಂಬತ್ತಾರು ಬಂತು.

"ದಿನಾ ನುಂಗಾಕತ್ತೀರಿಲ್ರಿ ಕಾಕೂ? ಹಿಂಗ ಇಳೀದ ಇರಾಕಿಲ್ಲ ಇದು."

"ಹೂಂ ಬೇ. ಒಂದ ದಿನಾನೂ ತಪ್ಪಸಿಲ್ಲ," ಎಂದಳು ಸಕ್ಕುಬಾಯಿ, ನೆಲ ನೋಡುತ್ತ. ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು. ಕಿವಿಯ ತುದಿ ಕೆಂಪಾಯಿತು.

ಅನುಸೂಯಾ ಭಾಗ್ಯಾಳ ಕಡೆ ತಿರುಗಿದಳು. "ಹೌದೇನ್ರಿ ವೈನಿ?"

ಪಡಸಾಲೆಯಲ್ಲಿ ಕಾಡಸಿದ್ದ ಕೆಮ್ಮಿದ. ಬಾಳೇಶ ಬಾಗಿಲಲ್ಲಿ ನಿಂತು ಹೆಂಡತಿಯ ಕಡೆ ನೋಡಿ, ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಭಾಗ್ಯಾ ಎಂದಳು: "ಹೌದು."

ಅದೊಂದು ಮಾತು. ಖರ್ಚಿಲ್ಲದ್ದು, ಜಗಳವಿಲ್ಲದ್ದು. ಅನುಸೂಯಾ ಚಿಂತೆಯ ಮುಖ ಮಾಡಿಕೊಂಡು ದೊಡ್ಡ ದವಾಖಾನೆಗೆ ತೋರಿಸಬೇಕು ಎಂದು ಹೇಳಿ ಹೋದಳು.

ಅಂದು ಉಣ್ಣುವಾಗ ಭಾಗ್ಯಾ ಗಂಡನಿಗೆ ಹೇಳಿದಳು. "ನನಗ ಭ್ಯಾ ಆಗ್ತೈತಿ. ಮಷೀನ ಎರಡೂ ಸಲ ಅತ್ತಿಗೇ ಹೆಚ್ಚ ತೋರಸೈತಿ. ಎತ್ತಿಗೆ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದಂಗ ಮಾಡಾಕತ್ತೇವಿ ನಾವು."

"ಅಪ್ಪನ್ನ ಎಮ್ಮಿ ಅಂತೀಯೇನು?" ಬಾಳೇಶ ನಕ್ಕ. ಅವನದೂ ತಾಯಿಯದೇ ನಗು, ಸದ್ದಿಲ್ಲದ್ದು. ಏನೇ ಕೇಳಿದರೂ ಅದೇ ನಗು ಕೊಟ್ಟು ಮುಂದೆ ಹೋಗುವ ಜಾತಿ ಅವನು. "ಈಗ ಮನಿ ಶಾಂತ ಐತಿ. ನೀ ಅದನ್ನ ಕೆದಕಬ್ಯಾಡ."

ಮರುದಿನ ಭಾಗ್ಯಾ ಕೆದಕಿದಳು. ಮಾವನಿಗೆ ಗುಳಿಗೆ ಕೊಡದೆ ಅತ್ತೆಯ ಅಂಗೈಯಲ್ಲಿಟ್ಟು, "ನುಂಗ್ರಿ," ಎಂದು ನೀರಿನ ತಂಬಿಗೆ ಹಿಡಿದಳು. ಸಕ್ಕುಬಾಯಿ ಬಾಯಿಗೆ ಹಾಕಿಕೊಂಡಂತೆ ಮಾಡಿದಳು. ಮಧ್ಯಾಹ್ನ ಕಾಡಸಿದ್ದ ಎಮ್ಮೆಯ ಗೋದಲಿಯ ಹತ್ತಿರ ಕುಸಿದು ಬಿದ್ದ. ಮನೆಯಲ್ಲಿ ಹಾಹಾಕಾರವಾಯಿತು. ಈರುಳ್ಳಿ ಮೂಸಿಸಿದರು, ಅಂಗಾಲು ತಿಕ್ಕಿದರು. ಅರ್ಧ ತಾಸಿಗೆ ಅವನು ಎದ್ದು ಕುಳಿತು ಚಹಾ ಕೇಳಿದ.

"ನೋಡಿದೇನು ಯವ್ವಾ?" ಸಕ್ಕುಬಾಯಿಯ ಕಣ್ಣಲ್ಲಿ ನೀರಿತ್ತು. "ಒಂದ ದಿನ ಹೊತ್ತ ತಪ್ಪಸಿದ್ದಕ್ಕ ಹಿಂಗಾತು. ಅವರ ಜೀವದ ಕೂಡ ಆಟ ಆಡಬ್ಯಾಡ."

ಸಂಜೆ ಭಾಗ್ಯಾ ಗೋಡೆಯ ಮಾಡದಲ್ಲಿಟ್ಟಿದ್ದ ಪಟ್ಟಿ ತೆಗೆದು ನೋಡಿದಳು. ತಾನು ಕೊಟ್ಟದ್ದು ಒಂದು, ಖಾಲಿಯಾದದ್ದು ಎರಡು. ಗಂಡನಿಗೆ ಗುಳಿಗೆ ತಪ್ಪಿತೆಂದು ಹೆದರಿದ ಅತ್ತೆ ಇನ್ನೊಂದು ಬಿಡಿಸಿ, ತಾನು ನುಂಗದೆ ಇಟ್ಟುಕೊಂಡದ್ದನ್ನೂ ಸೇರಿಸಿ ಎರಡನ್ನೂ ಅವನಿಗೇ ನುಂಗಿಸಿದ್ದಳು. ಅವನು ಬಿದ್ದದ್ದು ಗುಳಿಗೆ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಭಾಗ್ಯಾ ಇದನ್ನು ಯಾರಿಗೂ ಹೇಳಲಿಲ್ಲ. ಇಡೀ ಓಣಿ ಬಂದು ಅವಳನ್ನು ಒಂದು ಥರಾ ನೋಡಿ ಹೋಗಿತ್ತು, ಕಬ್ಬೂರಿನ ಅವಳ ತವರಿಗೂ ಸುದ್ದಿ ಮುಟ್ಟಿತ್ತು. ಮರುದಿನದಿಂದ ಗುಳಿಗೆ ಮತ್ತೆ ಮಾವನ ಕೈಗೇ ಹೋಯಿತು.

ಮೂರು ವಾರ ಹಾಗೇ ನಡೆಯಿತು. ಆಮೇಲೊಂದು ಮುಂಜಾನೆ ಭಾಗ್ಯಾ ಹಾಲು ಸೋಸುತ್ತಿದ್ದಾಗ ಕಿವಿಗೆ ಏನೋ ಸರಿಯಿಲ್ಲ ಎನಿಸಿತು. ಅತ್ತೆ ಭಕ್ಕರಿ ಬಡಿಯುವ ಸಪ್ಪಳ ಹದಿನೈದು ವರ್ಷದಿಂದ ಕೇಳಿದ್ದಳು. ಎರಡು ಕೈಯ ಒಂದೇ ತೂಕದ ತಪ್ ತಪ್. ಇಂದು ಒಂದು ಬಡಿತ ಗಟ್ಟಿ, ಇನ್ನೊಂದು ಹಿಟ್ಟಿನ ಮೇಲೆ ಸುಮ್ಮನೆ ಒರೆಸಿದಂತೆ.

ಕಾಡಸಿದ್ದ ತಾಟಿನಲ್ಲಿದ್ದ ಭಕ್ಕರಿ ಎತ್ತಿ ಬೆಳಕಿಗೆ ಹಿಡಿದ. ಒಂದು ಅಂಚು ಕಾಗದದಷ್ಟು ತೆಳು, ಇನ್ನೊಂದು ಬೆರಳು ದಪ್ಪ, ಒಳಗೆ ಹಸಿ.

"ಇದೇನ ಭಕ್ಕರಿನೋ ಕುಳ್ಳೋ? ನಲವತ್ತ ವರ್ಷ ಬಡದ ಕೈಯಿಗಿ ಏನ ಧಾಡಿ ಆತು?" ತಾಟು ದೂರ ತಳ್ಳಿದ. ಬಹಳ ದಿನಕ್ಕೆ ಹಳೆಯ ಧ್ವನಿ ಬಂದಿತ್ತು.

ಸಕ್ಕುಬಾಯಿ ಒಲೆಯ ಮುಂದಿನಿಂದ ತಿರುಗಿದಳು. ಬಾಯಿಯ ಬಲಬದಿ ಸ್ವಲ್ಪ ಜೋತಿತ್ತು. "ಭಾ... ಭಾಗ್ಯಾ," ಎಂದಳು. ನಾಲಿಗೆ ದಪ್ಪಗಾದಂತಿತ್ತು. "ಗು... ಗುಳಿಗಿ. ಅವರಿಗಿ. ಸಿಟ್ಟ ಬಂದೈತಿ."

ಬಾಳೇಶ ಓಡಿ ಹೋಗಿ ಗುಳಿಗೆ ತಂದು ಅಪ್ಪನ ಬಾಯಿಗೆ ಹಾಕಿದ. ಭಾಗ್ಯಾ ಅತ್ತೆಯ ಎದುರು ಕುಳಿತು ಅವಳ ಬಲಗೈ ಹಿಡಿದಳು. ಕೈ ತಣ್ಣಗೆ, ಭಾರವಾಗಿ ಬಂತು. ಹತ್ತು ನಿಮಿಷ ಕಳೆಯಿತು. ಬೆರಳು ಮಡಚಿದವು, ಬಾಯಿ ನೆಟ್ಟಗಾಯಿತು, ಸಕ್ಕುಬಾಯಿ ಎದ್ದು ನಿಂತು, "ಜುಮ್ ಹಿಡದಿತ್ತು," ಎಂದಳು. ಮುಂದಿನ ಭಕ್ಕರಿ ದುಂಡಗೆ ಬಂತು.

ಎಲ್ಲರಿಗೂ ನೆಮ್ಮದಿಯಾಯಿತು. ಭಾಗ್ಯಾ ಮಾತ್ರ ಆ ದುಂಡನೆಯ ಭಕ್ಕರಿಯನ್ನು ನಂಬಲಿಲ್ಲ. ಡೇರಿಗೆ ಹಾಲು ಕೊಟ್ಟವಳು ಮನೆಗೆ ಬರದೆ ನೇರ ಅನುಸೂಯಾಳ ಬಾಗಿಲಿಗೆ ಹೋದಳು.

"ಅತ್ತಿ ಒಂದೂ ಗುಳಿಗಿ ನುಂಗಿಲ್ಲ. ಅವತ್ತ ನಿಮ್ಮ ಮುಂದ ನಾ ಸುಳ್ಳ ಹೇಳಿದೆ."

ಅನುಸೂಯಾ ಬೈಯಲಿಲ್ಲ. ಮುಂಜಾನೆ ಆದದ್ದನ್ನು ಕೇಳಿ ಹಣೆ ಬಡಿದುಕೊಂಡಳು. "ವೈನಿ, ಅದು ಜುಮ್ ಅಲ್ಲ. ಲಕ್ವಾ ಬಾಗಲಾ ಬಡದ ಹೋಗೇತಿ. ಒಳಗ ಬರೂದ ಇವತ್ತೋ ನಾಳೆನೋ ಗೊತ್ತಿಲ್ಲ. ಈಗ ನಡೀರಿ, ಕೊಲ್ಹಾಪುರಕ್ಕ ಹೋಗೂಣು."

ಇಬ್ಬರೂ ಮನೆಗೆ ಬಂದರು. ಆದರೆ ಅಂಗಳದಲ್ಲಿ ಕಬ್ಬು ಕಡಿಯುವ ಕೂಲಿಗಳ ಟೋಳಿಯ ಮೇಸ್ತ್ರಿ, ಮುಕಾದಮ ರಾವಸಾಹೇಬ ಕುಳಿತು ಚಹಾ ಕುಡಿಯುತ್ತಿದ್ದ. ಇವರ ಕಬ್ಬು ಕಡಿಯಲು ಎರಡು ತಿಂಗಳಿಂದ ಕಾದ ಪಾಳಿ ಬಂದಿತ್ತು. ನಾಳೆ ಮುಂಜಾನೆ ಹದಿನಾರು ಮಂದಿ ಹೊಲಕ್ಕೆ ಇಳಿಯುವವರು, ಇಲ್ಲವೆಂದರೆ ಪಾಳಿ ಅಕ್ಕೋಳದವರಿಗೆ ಹೋಗುತ್ತದೆ.

"ನಾಡದು ಬರ್ತೇನಿ," ಎಂದಳು ಸಕ್ಕುಬಾಯಿ. "ನಾ ಹೋದ್ರ ಟೋಳಿಗಿ ಚಾ ಯಾರ ಒಯ್ತಾರ? ಇವರು ಅವರ ಕೂಡ ಜಗಳಾ ತಗದ್ರ ಯಾರ ಬಿಡಸ್ತಾರ?"

"ಅತ್ತಿ, ನಾ ಒಯ್ತೇನಿ. ನೀವ ನಡೀರಿ. ಕಾಲ ಹಿಡೀತೇನಿ."

"ಏ ಅನುಸೂಯಾ," ಕಾಡಸಿದ್ದ ಗುಡುಗಿದ, "ಚಂದಾಗಿದ್ದ ಹೆಂಗಸಿಗಿ ಯಾಕ ಹೆದರಸ್ತಿ? ಲಕ್ವಾ ಹೊಡಿಯೂದಾದ್ರ ನನಗ ಹೊಡೀಬೇಕು. ಅಕಿ ಯಾರ ಮ್ಯಾಲ ಸಿಟ್ಟಾಗ್ಯಾಳ ಇಲ್ಲೀತನಾ?"

"ಕಾಕಾ, ಅದು ಸಿಟ್ಟ ಕೇಳಿ ಬರೂದಿಲ್ರಿ!"

ಬಾಳೇಶ ಎಂದಿನ ನಗೆ ನಕ್ಕು, "ನಾಡದು ಖಾತ್ರಿ ಕರಕೊಂಡ ಹೋಗ್ತೇನಿ," ಎಂದ. ಅನುಸೂಯಾ ಎಲ್ಲರ ಎದುರೇ ಗುಳಿಗೆ ಬಿಡಿಸಿ ಸಕ್ಕುಬಾಯಿಗೆ ನುಂಗಿಸಿ, ಬಾಯಿ ತೆರೆಸಿ ನೋಡಿದಳು. ಹೋಗುವ ಮುಂದೆ ಭಾಗ್ಯಾಳ ಕೈ ಹಿಡಿದು, ಮತ್ತೆ ಬಾಯಿ ಸೊಟ್ಟಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡು, ಮತ್ತೇನೂ ನೋಡಬೇಡ ಎಂದು ಹೇಳಿದಳು. ನಾಲ್ಕೂವರೆ ತಾಸಿನೊಳಗೆ ತಲೆಯ ಫೋಟೋ ತೆಗೆದು ಸೂಜಿ ಕೊಡುವ ದವಾಖಾನೆ ಮುಟ್ಟಬೇಕು. ಎರಡು ತಿಂಗಳಲ್ಲಿ ಸಕ್ಕುಬಾಯಿಯ ಹೊಟ್ಟೆಗೆ ಹೋದ ಮೊದಲ ಗುಳಿಗೆ ಅದು.

ಮರುದಿನ ಮುಂಜಾನೆ ಆರು ಇಪ್ಪತ್ತಕ್ಕೆ ಅಡುಗೆಮನೆಯಲ್ಲಿ ಭಕ್ಕರಿ ಸಪ್ಪಳ ನಿಂತಿತು.

ಸಕ್ಕುಬಾಯಿ ಒಲೆಯ ಪಕ್ಕಕ್ಕೆ ವಾಲಿದ್ದಳು. ಬಲಗೈ ಹಿಟ್ಟಿನ ಪರಾತದಲ್ಲಿ ಬಿದ್ದಿತ್ತು, ಹಂಚಿನ ಮೇಲಿನ ಭಕ್ಕರಿ ಕರಕಾಗುತ್ತಿತ್ತು. ಕಣ್ಣು ತೆರೆದೇ ಇತ್ತು, ಬಾಯಿಂದ ಬರೀ ಗಾಳಿ ಬರುತ್ತಿತ್ತು. ಭಾಗ್ಯಾ ಗೋಡೆಯ ಗಡಿಯಾರ ನೋಡಿದಳು.

"ಅಕ್ಕೋಳದ ಧೂಳಪ್ಪನ ಕಡೆ ಒಯ್ಯೂಣು," ಎಂದ ಬಾಳೇಶ, ಮುಖ ಬಿಳುಚಿಕೊಂಡು. "ಪಾರಿವಾಳದ ರಕ್ತ ತಿಕ್ತಾನ, ಮೂರ ದಿನಕ್ಕ ಎದ್ದ ಅಡ್ಡಾಡ್ತಾರಂತ."

"ಹೌದು, ಧೂಳಪ್ಪ," ಎಂದ ಕಾಡಸಿದ್ದ. ಬಾಗಿಲಿಗೆ ಅಡ್ಡ ನಿಂತಿದ್ದ. "ಮದಲ ಬಾಯಾಗ ನೀರ ಹಾಕ್ರಿ, ಗುಳಿಗಿ ಹಾಕ್ರಿ..."

"ಯಾರೂ ಏನೂ ಹಾಕಬ್ಯಾಡ್ರಿ!"

ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಕಾಡಸಿದ್ದನ ಎದುರು ಯಾರೂ ಧ್ವನಿ ಏರಿಸಿರಲಿಲ್ಲ. ಭಾಗ್ಯಾಳ ಕೂಗಿಗೆ ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. "ಮಾವಾರ, ಬಾಗಲಾ ಬಿಡ್ರಿ! ಸಿಟ್ಟ ಬಂದ್ರ ಬರಲಿ, ಬಿದ್ರ ಬೀಳ್ರಿ! ಇಷ್ಟ ದಿನ ನಿಮ್ಮ ಸಿಟ್ಟ ಕಾಯ್ಕೋತ ಕುಂತ ಅತ್ತಿನ್ನ ಕೊಂದೇವಿ ನಾವು. ನೀವ ಗಾಡಿ ತರ್ತೀರೋ, ನಾ ಹೊತ್ತಕೊಂಡ ಹೋಗ್ಲೋ?"

ಕಾಡಸಿದ್ದ ಬಾಗಿಲು ಬಿಟ್ಟು ಸರಿದ.

ಟೋಳಿಯವರ ಜೀಪು ಅಂಗಳದಲ್ಲಿತ್ತು. ರಾವಸಾಹೇಬ ಓಡಿ ಬಂದು ಕೀಲಿ ತಿರುಗಿಸಿದ. ನಿಪ್ಪಾಣಿ ದಾರಿಯ ತುಂಬ ಕಬ್ಬಿನ ಟ್ರಾಲಿಗಳು, ಒಂದರ ಹಿಂದೊಂದು, ತೇಕುತ್ತ ಹೋಗುತ್ತಿದ್ದವು. ಒಂದು ಟ್ರಾಲಿ ರಸ್ತೆಗೆ ಅಡ್ಡ ಮಗುಚಿತ್ತು. ಅಲ್ಲಿ ಮುಕ್ಕಾಲು ತಾಸು ಹೋಯಿತು. ಭಾಗ್ಯಾ ಅತ್ತೆಯ ತಲೆಯನ್ನು ತೊಡೆಯ ಮೇಲೆ ಒಂದು ಬದಿಗೆ ತಿರುಗಿಸಿ ಹಿಡಿದು ಫೋನಿನಲ್ಲಿ ಹೊತ್ತು ನೋಡುತ್ತ ಕುಳಿತಳು. ಕೊಲ್ಹಾಪುರದ ದವಾಖಾನೆಯ ಮೆಟ್ಟಿಲು ಮುಟ್ಟಿದಾಗ ಎಂಟೂ ಐವತ್ತು.

ತಲೆಯ ಫೋಟೋ ನೋಡಿ ಬಂದ ವೈದ್ಯರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅವಸರದಿಂದ ಹೇಳಿದರು. ರಕ್ತ ಹೆಪ್ಪುಗಟ್ಟಿದೆ, ಸೂಜಿ ಕೊಡಬಹುದು. ಆದರೆ ಬಿ.ಪಿ. ಇನ್ನೂರಾ ಇಪ್ಪತ್ತು, ಅದು ಇಳಿಯುವ ಮೊದಲೇ ಕೊಟ್ಟರೆ ತಲೆಯಲ್ಲಿ ರಕ್ತನಾಳ ಒಡೆಯುತ್ತದೆ. ಇಳಿಸುವುದಕ್ಕೇ ಹೊತ್ತು ಹೋಗುತ್ತದೆ. ಬಾಳೇಶ ಹಳದಿ ಕಾರ್ಡು ಚಾಚಿದ.

ವೈದ್ಯರು ಕಾರ್ಡು ಓದಿದರು. "ಎರಡು ತಿಂಗಳಿಂದ ಗುಳಿಗೆ ಚಾಲೂ ಐತಿ ಅಂತೈತಲ್ಲ? ಹಂಗಾದ್ರ ಇಷ್ಟ ಹೆಂಗ ಏರಿತು? ದಿನಾ ನುಂಗ್ಯಾರೋ ಇಲ್ಲೋ?"

ಬಾಳೇಶ ಭಾಗ್ಯಾಳ ಮುಖ ನೋಡಿದ. ಭಾಗ್ಯಾ ನೆಲ ನೋಡಿದಳು. ಹಿಂದೆ ಗೋಡೆಗೆ ಒರಗಿದ್ದ ಕಾಡಸಿದ್ದ ತಲೆಯ ರುಮಾಲು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದ.

"ನಾ ನುಂಗೇನ್ರಿ ಸಾಹೇಬ್ರ," ಎಂದ. ಅಷ್ಟು ಮೆಲ್ಲನೆಯ ಧ್ವನಿ ಅವನಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. "ಅಕಿ ಗುಳಿಗಿ ಎಲ್ಲಾ ನಾ ನುಂಗೇನ್ರಿ."

ಸೂಜಿ ಹತ್ತೂ ಇಪ್ಪತ್ತಕ್ಕೆ ಬಿತ್ತು. ಜೀವ ಉಳಿಯಿತು. ಕಾಲು ಸ್ವಲ್ಪ ಸ್ವಲ್ಪ ಬಂತು. ಬಲಗೈ ಬರಲಿಲ್ಲ, ಮಾತೂ ಬರಲಿಲ್ಲ.

ಹದಿನೆಂಟನೇ ದಿನಕ್ಕೆ ಮನೆಗೆ ಬಂದಳು. ಕಬ್ಬಿನ ಪಾಳಿ ಅಕ್ಕೋಳಕ್ಕೆ ಹೋಗಿತ್ತು, ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅವಳ ಮಿಶ್ರಿ ಡಬ್ಬಿಯನ್ನು ಕಾಡಸಿದ್ದ ತಿಪ್ಪೆಗೆ ಎಸೆದ. ಭಾಗ್ಯಾ ಉಪ್ಪಿಲ್ಲದ ಸಾರು ಮಾಡಿದರೆ ಬಾಯಿ ಮುಚ್ಚಿಕೊಂಡು ಉಂಡ. ದಿನಾ ಮುಂಜಾನೆ ತಾನೇ ಗುಳಿಗೆ ಬಿಡಿಸಿ ಹೆಂಡತಿಯ ತುಟಿಗೆ ಹಿಡಿಯುತ್ತಿದ್ದ. ಅವಳು ಮೊದಮೊದಲು ಎಡಗೈಯಿಂದ ಅದನ್ನು ತೆಗೆದು ಅವನ ಬಾಯಿಯ ಕಡೆಗೇ ಒಯ್ಯುತ್ತಿದ್ದಳು. ಆಗ ಅವನು ಮುಖ ತಿರುಗಿಸಿ ಅಳುತ್ತಿದ್ದ.

ಮುಂದಿನ ವಾರ ಅನುಸೂಯಾ ಮಷೀನು ತಂದಳು. ಈ ಸಲ ಮನೆಯವರೆಲ್ಲ ಕೈ ಚಾಚಬೇಕೆಂದು ಹಟ ಹಿಡಿದಳು. ಕಾಡಸಿದ್ದನದು ನೂರಾ ಮೂವತ್ತು. ಭಾಗ್ಯಾಳದು ನೂರಾ ಹದಿನೆಂಟು. ಕೊನೆಗೆ ಬಾಳೇಶ ಬಂದು ಕೂತ, ನಗುತ್ತಲೇ ತೋಳು ಕೊಟ್ಟ.

ಮಷೀನು ಕೂಗಿತು. ಅನುಸೂಯಾ ಐದು ನಿಮಿಷ ಕೂಡಿಸಿ ಮತ್ತೆ ಹಿಡಿದಳು. ಮತ್ತೆ ಕೂಗಿತು.

"ನೂರಾ ಎಪ್ಪತ್ತೆರಡು," ಎಂದಳು. "ಅಣ್ಣಾ, ನಿಮಗ ಮೂವತ್ತೆಂಟ ಅಲ್ಲೇನ್ರಿ?"

"ಮಷೀನ ಕೆಟ್ಟೈತಿ," ಎಂದು ಬಾಳೇಶ ನಕ್ಕ. ಅದೇ ನಗು, ತಾಯಿಯದು. "ನನಗೆಲ್ಲಿ ಬಿ.ಪಿ.? ನಾ ಯಾರ ಮ್ಯಾಲ ಸಿಟ್ಟಾಗೇನಿ?"

ಭಾಗ್ಯಾ ಮಾತಾಡುವ ಮೊದಲೇ ಮೂಲೆಯ ಹೊರಸಿನ ಮೇಲೆ ಸದ್ದಾಯಿತು. ಸಕ್ಕುಬಾಯಿ ಎಡಗೈಯಿಂದ ನೀರಿನ ತಂಬಿಗೆ ಎತ್ತಿ ಮಗನ ಕಡೆ ಬೀಸಿದ್ದಳು. ತಂಬಿಗೆ ಅವನ ಕಾಲಿನ ಹತ್ತಿರ ಬಿದ್ದು ಉರುಳಿತು, ನೀರು ಚಾಪೆಯ ತುಂಬ ಹರಿಯಿತು. ಅವಳ ಕಣ್ಣು ಕೆಂಡವಾಗಿದ್ದವು. ಸೊಟ್ಟ ಬಾಯಿ ನಡುಗುತ್ತಿತ್ತು, ಕುತ್ತಿಗೆಯ ನರ ಉಬ್ಬಿದ್ದವು. ನಲವತ್ತೆರಡು ವರ್ಷ ಅಂಗಳ ದಾಟದ ಧ್ವನಿ ಅಂದು ಓಣಿಯ ತುದಿಯವರೆಗೆ ಕೇಳಿತು.

"ನು... ನುಂಗ!" ಎಂದಳು. "ನುಂಗಲೇ!"